ಎಣಿಕೆಗೆ ಬಾರದ ಕೋಣೆ

ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಅದನ್ನು ಯಾರೂ ಮಾಡಿದ್ದಲ್ಲ, ಆದ್ದರಿಂದ ಯಾರಿಗೂ ತೆಗೆದುಹಾಕಲು ಬರುತ್ತಿರಲಿಲ್ಲ. ಮಗುವಾಗಿದ್ದಾಗ ಯಾರಿಗಾದರೂ ಒಂದು ಕೋಣೆಯಲ್ಲಿ ಮಾಡಬಾರದ್ದನ್ನು ಮಾಡಿದರೆ, ಆ ಕೋಣೆ ಅವರನ್ನು ಬಿಡುತ್ತಿರಲಿಲ್ಲ. ದೊಡ್ಡವರಾಗಿ ಅವರು ಯಾವ ಮನೆಗೆ ಹೋದರೂ ಒಂಬತ್ತು ದಿನದೊಳಗೆ ಆ ಮನೆಯ ಯಾವುದಾದರೂ ಗೋಡೆಯಲ್ಲಿ ಒಂದು ಬಾಗಿಲು ಮೂಡುತ್ತಿತ್ತು. ಬಾಗಿಲ ಹಿಂದೆ ಆ ಕೋಣೆ ಇರುತ್ತಿತ್ತು. ಗೋಡೆಯ ಆಚೆ ಬೀದಿಯಿದ್ದರೂ ಅಷ್ಟೇ, ಪಕ್ಕದ ಮನೆಯ ಬಚ್ಚಲಿದ್ದರೂ ಅಷ್ಟೇ.

ಊರಿನವರು ಇದಕ್ಕೆ ಒಗ್ಗಿಹೋಗಿದ್ದರು. ಕೆಲವರು ಬಾಗಿಲ ಮುಂದೆ ಬೀರು ಇಡುತ್ತಿದ್ದರು, ಕೆಲವರು ಪರದೆ ಬಿಡುತ್ತಿದ್ದರು. ಒಬ್ಬ ಗಾರೆಯವನು ಇಟ್ಟಿಗೆ ಇಟ್ಟು ಮುಚ್ಚಿದ. ಮರುದಿನ ಬಾಗಿಲು ಅಡುಗೆಮನೆಯ ಗೋಡೆಯಲ್ಲಿತ್ತು. ಅದನ್ನೂ ಮುಚ್ಚಿದ. ಹೀಗೆ ಮುಚ್ಚುತ್ತಾ ಹೋಗಿ ಕೊನೆಗೆ ಬೀದಿ ಬಾಗಿಲಿದ್ದ ಜಾಗಕ್ಕೇ ಅದು ಬಂದು ಕೂತು, ಅವನು ಕಿಟಕಿಯಿಂದ ಓಡಾಡುವಂತಾಯಿತು. ಮನೆ ಎಣಿಕೆಗೆ ಬರುವ ಗುಮಾಸ್ತರು ನಡುಮನೆ, ಅಡುಗೆಮನೆ, ಬಚ್ಚಲು ಎಂದು ಬರೆದುಕೊಂಡು, ಆ ಬಾಗಿಲ ಹತ್ತಿರ ಬಂದಾಗ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ ಕುಡಿಯಲು ನೀರು ಕೇಳುತ್ತಿದ್ದರು. ಅದನ್ನು ಎಲ್ಲರೂ ಸೌಜನ್ಯ ಎಂದೇ ತಿಳಿದಿದ್ದರು.

ಹಾಸಿಗೆಯವಳ ಮನೆಯಲ್ಲೂ ಅಂಥದೊಂದು ಬಾಗಿಲಿತ್ತು. ಅವಳಿಗೆ ಆಗ ನಲವತ್ತೊಂದು ವರ್ಷ. ಊರಿಗೆಲ್ಲ ಹಾಸಿಗೆ ಹೊಲಿಯುವವಳು ಅವಳೇ. ಬೂರುಗದ ಹತ್ತಿಯನ್ನು ಬಿಡಿಸಿ, ಪಟ್ಟೆಪಟ್ಟೆ ಬಟ್ಟೆಯಲ್ಲಿ ತುಂಬಿ, ದಬ್ಬಳದಲ್ಲಿ ಹೊಲಿಯುತ್ತಿದ್ದಳು. ತಾನು ಮಾತ್ರ ಹಾಸಿಗೆಯ ಮೇಲೆ ಮಲಗುತ್ತಿರಲಿಲ್ಲ. ಆ ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಚಾಚಿ, ಕೂತೇ ನಿದ್ದೆ ಮಾಡುತ್ತಿದ್ದಳು. ಬಾಗಿಲು ತೆರೆದುಕೊಳ್ಳಬಾರದಲ್ಲ, ಅದಕ್ಕೆ.

ಆದರೂ ಅದು ತೆರೆದುಕೊಳ್ಳುತ್ತಿತ್ತು. ಹರಳೆಣ್ಣೆಯ ವಾಸನೆ ಬಂದರೆ ಸಾಕು. ಅವಳು ಮನೆಯಲ್ಲಿರಲಿ, ಸಂತೆಯಲ್ಲಿರಲಿ, ಬಾಗಿಲು ತೆರೆದು ಅವಳನ್ನು ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಒಳಗೆ ಅವಳಿಗೆ ಒಂಬತ್ತು ವರ್ಷ, ಮೈಮೇಲೆ ಹಸಿರು ಲಂಗ. ಮತ್ತೆ ಹೊರಗೆ ಬಂದಾಗ ದಬ್ಬಳ ಕೈಯಲ್ಲೇ ಇರುತ್ತಿತ್ತು, ದಾರ ಎಳೆದಿರುತ್ತಿರಲಿಲ್ಲ, ಬಿಸಿಲು ಮಾತ್ರ ಮನೆಯ ಇನ್ನೊಂದು ಮಗ್ಗುಲಿಗೆ ಹೋಗಿರುತ್ತಿತ್ತು. ಹಾಸಿಗೆ ಒಯ್ಯಲು ಬಂದವರಲ್ಲಿ ತಾಳ್ಮೆಯಿದ್ದವರು ಜಗಲಿಯ ಮೇಲೆ ಕಾಯುತ್ತಿದ್ದರು, ಇಲ್ಲದವರು ನಾಳೆ ಬರುತ್ತಿದ್ದರು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಅದೂ ಸೌಜನ್ಯವೇ.

ಎಂಟು ವರ್ಷ ಅವಳು ಗೋಡೆಶಾಲೆಗೆ ಹೋದಳು. ಇಂಥ ಬಾಗಿಲಿದ್ದವರಿಗೆ ಗೋಡೆ ಗಟ್ಟಿ ಮಾಡಿಕೊಳ್ಳುವುದನ್ನು ಕಲಿಸಲು ಊರು ನಡೆಸುತ್ತಿದ್ದ ಶಾಲೆ ಅದು. ಮೇಷ್ಟ್ರು ಒಳ್ಳೆಯವರು. ಸುಣ್ಣ ಬಳಿಯುವಾಗ ಉಸಿರನ್ನು ನಿಧಾನವಾಗಿ ಬಿಡುವುದು, ಬಿರುಕು ಕಂಡಾಗ ಹೆದರದೆ ಗಾರೆ ಮೆತ್ತುವುದು, ಎಲ್ಲವನ್ನೂ ಬೇಸರಪಡದೆ ಹೇಳಿಕೊಟ್ಟರು. ವರ್ಷದ ಕೊನೆಗೆ ಅವಳು, ಈಗ ಬಾಗಿಲು ತೆಗೆದು ನೋಡಬಹುದೇ ಎಂದು ಕೇಳುತ್ತಿದ್ದಳು. ಅವರು ಗೋಡೆಗೆ ಕಿವಿಯಿಟ್ಟು, ಇನ್ನೂ ಗಟ್ಟಿಯಾಗಬೇಕು, ಈಗ ತೆಗೆದರೆ ಮನೆಯೇ ಕುಸಿದೀತು ಎನ್ನುತ್ತಿದ್ದರು. ಎಂಟು ವರ್ಷಕ್ಕೆ ಅವಳ ಮನೆಯ ಗೋಡೆಗಳು ಬೀದಿಯಲ್ಲೇ ಎಲ್ಲಕ್ಕಿಂತ ಬೆಳ್ಳಗಿದ್ದವು. ಬಾಗಿಲು ಎಲ್ಲಿತ್ತೋ ಅಲ್ಲೇ ಇತ್ತು.

ಒಂದು ದಿನ ಬಾಣಂತಿಯೊಬ್ಬಳ ಮನೆಗೆ ಕೂಸಿನ ಪುಟ್ಟ ಹಾಸಿಗೆ ಹೊಲಿಯಲು ಹೋಗಿದ್ದಳು. ಕೂಸು ಅವಳ ಪಕ್ಕದಲ್ಲೇ ಚಾಪೆಯ ಮೇಲೆ ಮಲಗಿತ್ತು. ಒಳಗೆ ಅಜ್ಜಿ ಕೂಸಿಗೆ ಎಣ್ಣೆ ನೀರು ಹಾಕಲೆಂದು ಹರಳೆಣ್ಣೆ ಬಿಸಿಗಿಟ್ಟಳು. ಹಾಸಿಗೆಯವಳು ಕೋಣೆಯೊಳಕ್ಕೆ ಹೋದಳು. ಎಷ್ಟು ಹೊತ್ತೆಂದು ಗೊತ್ತಿಲ್ಲ. ಹೊರಗೆ ಬಂದಾಗ ದಬ್ಬಳ ಹಿಡಿದ ಅವಳ ಕೈ ಮೇಲಕ್ಕೆ ಎದ್ದಿತ್ತು, ಕೆಳಗೆ ಕೂಸು ಕೈಕಾಲು ಆಡಿಸುತ್ತಿತ್ತು, ಬಾಣಂತಿ ಎರಡೂ ಕೈಯಿಂದ ಅವಳ ಮಣಿಕಟ್ಟು ಹಿಡಿದಿದ್ದಳು. ಏನೂ ಆಗಿರಲಿಲ್ಲ. ಬಾಣಂತಿ ಕೂಸನ್ನು ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಹಾಸಿಗೆಯವಳು ಅರ್ಧ ಹೊಲಿದ ಹಾಸಿಗೆಯನ್ನು ಅಲ್ಲೇ ಮಡಿಸಿಟ್ಟು, ಮನೆಗೆ ಹೋಗದೆ, ನೇರವಾಗಿ ನೀರಿನ ತೊಟ್ಟಿಯ ಹತ್ತಿರ ಇದ್ದ ಜೊತೆ ಕೂರುವವಳ ಮನೆಗೆ ಹೋದಳು.

ಜೊತೆ ಕೂರುವವಳ ಕಸುಬು ಹೆಸರಿನಲ್ಲೇ ಇತ್ತು. ಜನ ಅಂಥ ಬಾಗಿಲನ್ನು ತೆರೆಯುವಾಗ ಅವಳು ಜೊತೆಗೆ ಕೂರುತ್ತಿದ್ದಳು. ಊರಿನವರಿಗೆ ಅವಳ ಮೇಲೆ ಅಷ್ಟೇನೂ ಭರವಸೆ ಇರಲಿಲ್ಲ. ಗೋಡೆ ನೋಡದೆ ಬಾಗಿಲು ತೆಗೆಸುತ್ತಾಳೆ ಎಂದು ಮೇಷ್ಟ್ರು ಹೇಳುತ್ತಿದ್ದರು.

ಮಂಗಳವಾರ ಮಧ್ಯಾಹ್ನ ಊಟವಾದ ಮೇಲೆ ಅವಳು ಹಾಸಿಗೆಯವಳ ಮನೆಗೆ ಬಂದಳು, ಕಂಕುಳಲ್ಲಿ ತನ್ನದೇ ಮಣೆ ಇಟ್ಟುಕೊಂಡು. ಐವತ್ತು ದಾಟಿದ, ಸ್ವಲ್ಪ ಕುಂಟುವ ಹೆಂಗಸು. ಗೋಡೆಯನ್ನು ನೋಡಿ ಚೆನ್ನಾಗಿದೆ ಎಂದಳು.

"ಗಟ್ಟಿ ಇದೆಯಾ ಅಮ್ಮ?" ಎಂದು ಹಾಸಿಗೆಯವಳು ಕೇಳಿದಳು.

"ಇಲ್ಲೀತನಕ ನಿಂತಿದೆಯಲ್ಲ."

ಆಮೇಲೆ ಅವಳು ತನ್ನ ಕ್ರಮವನ್ನು ವಿವರಿಸಿದಳು. ತಾನು ಒಳಗೆ ಬರುವುದಿಲ್ಲ, ಹೊಸಿಲ ಮೇಲಿರುತ್ತೇನೆ. ಹಾಸಿಗೆಯವಳು ಒಳಗೆ ಹೋಗಿ ಅಲ್ಲಿ ನಡೆಯುವುದನ್ನು ಈಗಲೇ ನಡೆಯುತ್ತಿರುವಂತೆ, ಮೊದಲಿನಿಂದ ಕೊನೆಯವರೆಗೆ, ಕೇಳಿಸುವ ಹಾಗೆ ಹೇಳಬೇಕು. ನಿಲ್ಲಿಸಬೇಕೆನ್ನಿಸಿದರೆ ನಿಲ್ಲಿಸಬಹುದು. ಹೇಳಿದ್ದನ್ನೇ ಮತ್ತೆ ಹೇಳಬೇಕು. ಎಷ್ಟು ಸಲ ಎಂದು ಹಾಸಿಗೆಯವಳು ಕೇಳಿದ್ದಕ್ಕೆ, ನಿಮಗೆ ಬೇಜಾರಾಗುವ ತನಕ ಎಂದಳು.

"ಈಗ ಭಯ ಹತ್ತರಲ್ಲಿ ಎಷ್ಟಿದೆ?"

"ಹನ್ನೊಂದು."

"ಸರಿ, ಹನ್ನೊಂದು" ಎಂದು ಜೊತೆ ಕೂರುವವಳು ಮಣೆ ಹಾಕಿಕೊಂಡು ಕೂತಳು.

ಹಾಸಿಗೆಯವಳು ಬಾಗಿಲು ತೆಗೆದಳು. ಅದು ತಾನಾಗಿ ತೆರೆದುಕೊಳ್ಳದೆ ಅವಳ ಕೈಯಿಂದ ತೆರೆದದ್ದು ಅದೇ ಮೊದಲು. ಮನೆ ಕುಸಿಯಲಿಲ್ಲ. ಸುಣ್ಣದ ಒಂದು ಹಕ್ಕಳೆ ಉದುರಿತು.

ಒಳಗೆ ಮೂವರಿದ್ದರು. ಸೋದರಮಾವ, ಒಂಬತ್ತು ವರ್ಷದ ಅವಳು, ಆರು ವರ್ಷದ ತಂಗಿ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಹುಡುಗಿಯರಿಬ್ಬರೂ ಮಾವನ ಮನೆಯಲ್ಲಿ ಬೆಳೆದರು. ಮಾವ ಊರಿನ ತಕ್ಕಡಿಗಳನ್ನು ಪರೀಕ್ಷೆ ಮಾಡುವ ಅಧಿಕಾರಿ. ಅವನು ಮುಟ್ಟಿ ನೋಡಿದ ತಕ್ಕಡಿ ಎಳ್ಳಷ್ಟೂ ವಾಲುತ್ತಿರಲಿಲ್ಲ. ಸತ್ತು ಎಷ್ಟೋ ವರ್ಷವಾದರೂ ತಕ್ಕಡಿ ಕಚೇರಿಯಲ್ಲಿ ಅವನ ಪಟಕ್ಕೆ ಈಗಲೂ ಹಾರ ಹಾಕುತ್ತಾರೆ. ಅಷ್ಟು ನ್ಯಾಯವಂತ. ಮನೆಯಲ್ಲೂ ಅವನು ನ್ಯಾಯವಂತನೇ. ದಿನಾ ಸಂಜೆ ಕಚೇರಿಯಿಂದ ಬಂದು, ಕಾಲು ತೊಳೆದು, ಹಿಂದಿನ ಕೋಣೆಯ ಮೂಲೆಯಲ್ಲಿ ಹರಳೆಣ್ಣೆ ಸವರಿ ಇಟ್ಟ ಬೆತ್ತವನ್ನು ತೆಗೆಯುತ್ತಿದ್ದ. ಮನೆಯಲ್ಲಿ ದಿನವೂ ಏನಾದರೊಂದು ತಪ್ಪು ನಡೆದೇ ನಡೆಯುತ್ತದೆ, ಅದು ಯಾರದೆಂದು ತನಗೆ ಗೊತ್ತಿಲ್ಲ, ಗೊತ್ತಿಲ್ಲದೆ ಶಿಕ್ಷಿಸುವುದು ಅನ್ಯಾಯ ಎನ್ನುತ್ತಿದ್ದ. ಆದ್ದರಿಂದ ಮಕ್ಕಳನ್ನೇ ಕೇಳುತ್ತಿದ್ದ. ಇವತ್ತು ಯಾರು? ಅಡುಗೆಮನೆಯಲ್ಲಿ ಅತ್ತೆ ಒರಳುಕಲ್ಲನ್ನು ಸ್ವಲ್ಪ ಜೋರಾಗಿ ತಿರುಗಿಸಲು ತೊಡಗುತ್ತಿದ್ದಳು.

ಇದನ್ನು ಹಾಸಿಗೆಯವಳು ಕಣ್ಣು ಮುಚ್ಚಿಕೊಂಡು ಹೇಳಿದಳು. ಮಾವ ಕಾಲು ತೊಳೆಯುತ್ತಿದ್ದಾನೆ. ಮಾವ ಬರುತ್ತಿದ್ದಾನೆ. ಮಾವ ಬೆತ್ತ ತೆಗೆಯುತ್ತಿದ್ದಾನೆ. ಎಣ್ಣೆ ವಾಸನೆ ಬರುತ್ತಿದೆ. ಇವತ್ತು ಯಾರು ಎನ್ನುತ್ತಿದ್ದಾನೆ. ಒರಳುಕಲ್ಲು ತಿರುಗುತ್ತಿದೆ. ಬೆತ್ತ ಬೀಳುತ್ತಿದೆ. ಮುಗಿಯಿತು. ಹೊಸಿಲ ಮೇಲಿಂದ ಜೊತೆ ಕೂರುವವಳು, ಇನ್ನೊಂದು ಸಲ ಎಂದಳು. ಮಾವ ಕಾಲು ತೊಳೆಯುತ್ತಿದ್ದಾನೆ. ಮಾವ ಬರುತ್ತಿದ್ದಾನೆ. ಹೊರಗೆ ಬಂದಾಗ ಹಾಸಿಗೆಯವಳ ಸೀರೆ ಬೆವರಿಗೆ ಒದ್ದೆಯಾಗಿತ್ತು. ಎಷ್ಟು ಎಂದು ಕೇಳಿದಾಗ, ಈಗಲೂ ಹನ್ನೊಂದು ಎಂದಳು. ಮುಂದಿನ ಮಂಗಳವಾರ ಬರುತ್ತೇನೆ ಎಂದು ಜೊತೆ ಕೂರುವವಳು ಮಣೆ ಎತ್ತಿಕೊಂಡು ಹೋದಳು.

ಮೂರನೆಯ ವಾರ ಅವಳು ಇನ್ನೊಂದು ಕೆಲಸ ಕೊಟ್ಟಳು. ಗಾಣದ ಬೀದಿಗೆ ಹೋಗಿ, ಹರಳೆಣ್ಣೆ ತೆಗೆಯುವ ಗಾಣದ ಎದುರಿನ ಮೆಟ್ಟಿಲ ಮೇಲೆ, ಭಯ ಅರ್ಧಕ್ಕೆ ಇಳಿಯುವ ತನಕ ಕೂತಿರಬೇಕು. ದಿನಾ ಹೋಗಬೇಕು. ಹಾಸಿಗೆಯವಳು ಹೋದಳು. ಮೊದಲ ದಿನ ಗಾಣದವನು ಏನು ಬೇಕು ಎಂದು ಕೇಳಿದ. ಏನೂ ಬೇಡ ಎಂದಳು. ಬಾಗಿಲು ತೆರೆದು ಅವಳನ್ನು ಎಳೆಯಿತು, ಹೊರಗೆ ಬಂದಳು, ಮತ್ತೆ ಎಳೆಯಿತು, ಮತ್ತೆ ಬಂದಳು, ಮೆಟ್ಟಿಲು ಬಿಟ್ಟು ಏಳಲಿಲ್ಲ. ಎರಡನೆಯ ದಿನ ಗಾಣದವನು ಏನನ್ನೂ ಕೇಳಲಿಲ್ಲ. ಐದನೆಯ ದಿನ ಒಂದು ಲೋಟ ಮಜ್ಜಿಗೆ ತಂದು ಪಕ್ಕದಲ್ಲಿಟ್ಟು, ತಾನು ಇಪ್ಪತ್ತು ವರ್ಷದಿಂದ ಇದೇ ವಾಸನೆಯಲ್ಲಿದ್ದೇನೆ, ತನಗೂ ಇದು ಹಿಡಿಸುವುದಿಲ್ಲ ಎಂದ. ಆ ದಿನ ಹಾಸಿಗೆಯವಳು ಒಂದೇ ಸಲ ಕೋಣೆಯೊಳಕ್ಕೆ ಹೋಗಿದ್ದಳು.

ಮಂಗಳವಾರಗಳು ಬಂದವು, ಹೋದವು. ಹನ್ನೊಂದು ಒಂಬತ್ತಾಯಿತು. ಒಂಬತ್ತು ಎಂಟಾಯಿತು. ಅಲ್ಲಿಗೆ ನಿಂತುಬಿಟ್ಟಿತು. ಎಷ್ಟು ಸಲ ಹೇಳಿದರೂ ಎಂಟು.

ಐದನೆಯ ಮಂಗಳವಾರ ಜೊತೆ ಕೂರುವವಳು ಹೀಗೆ ಕೇಳಿದಳು: "ಇವತ್ತು ಯಾರು ಅಂತಾನೆ. ಆಮೇಲೆ ಬೆತ್ತ ಬೀಳುತ್ತೆ. ನಡುವೆ ಏನಾಗುತ್ತೆ?"

"ಏನಿಲ್ಲ. ನಾನು ಅಂತ ಹೇಳ್ತೀನಿ."

"ದಿನಾನೂ?"

"ದಿನಾನೂ. ಅವಳು ಚಿಕ್ಕವಳು."

ಜೊತೆ ಕೂರುವವಳು ಅದನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಆರನೆಯ ಮಂಗಳವಾರ ಹಾಸಿಗೆಯವಳು ಮನೆಗೆ ಬೀಗ ಹಾಕಿಕೊಂಡು ಸಂತೆಗೆ ಹೋಗಿ, ಬಳೆ ಮಾರುವವಳ ಪಕ್ಕದಲ್ಲಿ ಬಳೆ ನೋಡುತ್ತಾ ಕೂತಳು. ಬಳೆಯ ಬಗ್ಗೆ ಅವಳಿಗೆ ಯಾವ ಆಸಕ್ತಿಯೂ ಇರಲಿಲ್ಲ. ಸಂಜೆ ಮನೆಗೆ ಬಂದಾಗ ಪಕ್ಕದ ಮನೆಯವರು ಹೇಳಿದರು, ಆ ಕುಂಟುವ ಹೆಂಗಸು ಬಂದಿದ್ದಳು, ಬೀಗ ನೋಡಿದಳು, ಜಗಲಿಯ ಮೇಲೆ ಮಣೆ ಹಾಕಿಕೊಂಡು ಪ್ರತಿ ಸಲ ಎಷ್ಟು ಹೊತ್ತು ಕೂರುತ್ತಾಳೋ ಅಷ್ಟೇ ಹೊತ್ತು ಕೂತಿದ್ದು ಎದ್ದು ಹೋದಳು. ಹಾಸಿಗೆಯವಳಿಗೆ ಅವಳು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಏಳನೆಯ ಮಂಗಳವಾರ ಅವಳು ಬೀಗ ಹಾಕಲಿಲ್ಲ. ಬಾಗಿಲು ತೆಗೆದು ಒಳಗೆ ಹೋಗಿ, ಮಾವ ಕಾಲು ತೊಳೆಯುತ್ತಿದ್ದಾನೆ ಎಂದು ಶುರುಮಾಡಿದಳು. ಮಾವ ಬರುತ್ತಿದ್ದಾನೆ. ಮಾವ ಬೆತ್ತ ತೆಗೆಯುತ್ತಿದ್ದಾನೆ. ಇದು ಶುಕ್ರವಾರ. ನಿನ್ನೆ ನನಗೆ ಬಿದ್ದಿದೆ, ಮೊನ್ನೆ ನನಗೆ ಬಿದ್ದಿದೆ, ಕೂರೋಕೆ ಆಗುತ್ತಿಲ್ಲ. ಇವತ್ತು ಯಾರು ಎನ್ನುತ್ತಿದ್ದಾನೆ. ತಂಗಿ ನನ್ನ ಲಂಗದ ಅಂಚು ಹಿಡಿದುಕೊಂಡಿದ್ದಾಳೆ.

ಇಲ್ಲಿ ಅವಳು ಕಣ್ಣು ತೆರೆದಳು.

"ನಾನು ಅವಳ ಕಡೆ ಬೆರಳು ತೋರಿಸ್ತಿದೀನಿ" ಎಂದಳು ಹಾಸಿಗೆಯವಳು. "ಅವಳು ನನ್ನ ಲಂಗ ಇನ್ನೂ ಬಿಟ್ಟಿಲ್ಲ."

ಇದನ್ನು ಹೇಳಿದ ಮೇಲೆ ಏನೋ ಆಗುತ್ತದೆ ಎಂದು ಅವಳು ಮೂವತ್ತೆರಡು ವರ್ಷದಿಂದ ತಿಳಿದಿದ್ದಳು. ಕೇಳಿದವರು ಎದ್ದು ಹೋಗುತ್ತಾರೆ, ಇಲ್ಲವೇ ಗೋಡೆ ಬೀಳುತ್ತದೆ. ಹೊಸಿಲ ಮೇಲೆ ಮಣೆ ಕಿರುಗುಟ್ಟಿದ್ದು ಕೇಳಿಸಿತು. ಜೊತೆ ಕೂರುವವಳು ನೋಯುತ್ತಿದ್ದ ಕಾಲನ್ನು ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಬದಲಿಸಿದ್ದಳು, ಅಷ್ಟೇ.

"ಬೆರಳು ತೋರಿಸಿದವಳಿಗೆ ಎಷ್ಟು ವಯಸ್ಸು?" ಎಂದು ಕೇಳಿದಳು.

"ಒಂಬತ್ತು."

"ಬೆತ್ತ ಯಾರ ಕೈಯಲ್ಲಿದೆ?"

"ಮಾವನ ಕೈಯಲ್ಲಿ."

"ಯಾರು ಅಂತ ಕೇಳಿದ್ದು ಯಾರು?"

ಹಾಸಿಗೆಯವಳಿಗೆ ಉತ್ತರ ಗೊತ್ತಿತ್ತು. ಅದು ಲೆಕ್ಕಕ್ಕೆ ಬರುವ ಉತ್ತರ ಎಂದು ಇಲ್ಲಿಯವರೆಗೆ ಗೊತ್ತಿರಲಿಲ್ಲ. ಅವಳು ಆ ಕೋಣೆಯ ನೆಲದ ಮೇಲೆ ಕೂತು ಅತ್ತಳು. ಜೊತೆ ಕೂರುವವಳು ಆ ದಿನ ಹೊತ್ತು ಮೀರಿ ಕೂತಿದ್ದಳು.

ಆಮೇಲಿನ ಎರಡು ಮಂಗಳವಾರ ಜೊತೆ ಕೂರುವವಳು ಆ ಶುಕ್ರವಾರ ನಡೆದದ್ದನ್ನೇ ಹೇಳಿಸಿದಳು. ಹತ್ತನೆಯ ಮಂಗಳವಾರ, ಈ ಸಲ ಒಂಬತ್ತು ವರ್ಷದವಳಾಗಿ ಬೇಡ, ಈಗ ಇರುವ ಹಾಗೇ ಒಳಗೆ ಹೋಗಿ ಎಂದಳು. ಹಾಸಿಗೆಯವಳು ನಲವತ್ತೊಂದು ವರ್ಷದವಳಾಗಿ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೋದಳು. ಮಾವ ಬೆತ್ತ ಹಿಡಿದು ನಿಂತಿದ್ದ. ಅವನು ಅವಳ ಕಿವಿಯ ಮಟ್ಟಕ್ಕೆ ಬರುತ್ತಿದ್ದ. ಅಂಗಿಯ ಒಂದು ಗುಂಡಿ ಕಿತ್ತುಹೋಗಿತ್ತು. ಇಷ್ಟು ದಿನ ಅವಳು ಅವನ ಸೊಂಟದಿಂದ ಮೇಲೆ ನೋಡಿಯೇ ಇರಲಿಲ್ಲ.

"ಇವತ್ತು ಯಾರು?" ಎಂದ ಮಾವ.

"ಇದು ಮಕ್ಕಳನ್ನ ಕೇಳೋ ಮಾತಲ್ಲ" ಎಂದಳು ಹಾಸಿಗೆಯವಳು.

ಅವನು ಅದಕ್ಕೆ ಸಿದ್ಧನಾಗಿರಲಿಲ್ಲ. ಅವಳು ಅವನ ಕೈಯಿಂದ ಬೆತ್ತ ತೆಗೆದುಕೊಂಡಳು. ಎಣ್ಣೆಗೆ ಜಾರುತ್ತಿತ್ತು. ಅದರಿಂದ ಅವನಿಗೆ ಹೊಡೆಯಬಹುದು ಎಂದು ಹೊಳೆಯಿತು, ಸ್ವಲ್ಪ ಹೊತ್ತು ಯೋಚನೆಯನ್ನೂ ಮಾಡಿದಳು. ಆಮೇಲೆ ಮೊಣಕಾಲಿಗೆ ಕೊಟ್ಟು ಮುರಿದಳು. ಅಡುಗೆಮನೆಗೆ ಹೋಗಿ, ಅತ್ತೆಯ ಎದುರಿಗೆ ಒಲೆಗೆ ಹಾಕಿದಳು. ಅತ್ತೆ ಒರಳುಕಲ್ಲು ನಿಲ್ಲಿಸಿದಳು. ಹಾಸಿಗೆಯವಳು ಒಂದು ಕೈಯಲ್ಲಿ ಹಸಿರು ಲಂಗದವಳನ್ನೂ ಇನ್ನೊಂದು ಕೈಯಲ್ಲಿ ಚಿಕ್ಕವಳನ್ನೂ ಹಿಡಿದುಕೊಂಡು ಕೋಣೆ ದಾಟಿ ಹೊಸಿಲಿಗೆ ಬಂದಳು. ಜೊತೆ ಕೂರುವವಳು ದಾರಿ ಬಿಡಲೆಂದು ಮಣೆಯನ್ನು ಪಕ್ಕಕ್ಕೆ ಸರಿಸಿದಳು.

"ಎಷ್ಟು?"

"ಮೂರು" ಎಂದು, ಹಾಸಿಗೆಯವಳು ಇನ್ನೊಮ್ಮೆ ಯೋಚಿಸಿದಳು. "ಮೂರೂವರೆ."

ಬಾಗಿಲು ಮಾಯವಾಗಲಿಲ್ಲ. ಆ ಊರಿನಲ್ಲಿ ಮೂಡಿದ ಬಾಗಿಲು ಮಾಯವಾಗುವುದಿಲ್ಲ. ಆದರೆ ಅದು ಅವಳು ತೆಗೆದರೆ ತೆರೆಯುತ್ತಿತ್ತು, ಹಾಕಿದರೆ ಮುಚ್ಚುತ್ತಿತ್ತು, ಉಳಿದ ಬಾಗಿಲುಗಳ ಹಾಗೆ. ಆ ವಾರ ಅವಳು ತನಗೊಂದು ಹಾಸಿಗೆ ಹಾಸಿಕೊಂಡು ಮಲಗಿದಳು. ಎಚ್ಚರವಾದಾಗ ಹಾಲಿನವಳು ಬಾಗಿಲು ಬಡಿದು ಬಡಿದು ಸೋತಿದ್ದಳು. ಹಾಸಿಗೆಯ ನಡುಮಧ್ಯೆ ಹತ್ತಿ ಗಂಟುಗಟ್ಟಿ ಬೆನ್ನಿಗೆ ಒತ್ತುತ್ತಿತ್ತು. ಇಷ್ಟು ವರ್ಷ ಇದನ್ನು ಊರಿನಲ್ಲಿ ಒಬ್ಬರೂ ಯಾಕೆ ಹೇಳಲಿಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ಎದ್ದವಳೇ ಬಾಣಂತಿಯ ಮನೆಗೆ ಹೋಗಿ, ಆ ದಿನ ಏನಾಯಿತು, ಯಾಕಾಯಿತು ಎಂಬುದನ್ನು ನಿಂತುಕೊಂಡೇ ಹೇಳಿ, ಅರ್ಧ ಉಳಿದಿದ್ದ ಕೂಸಿನ ಹಾಸಿಗೆಯನ್ನು ಕೇಳಿ ಈಚೆಗೆ ತೆಗೆದುಕೊಂಡಳು. ಬಿಚ್ಚಿ, ಹತ್ತಿ ಬಿಡಿಸಿ, ಹೊಸದಾಗಿ ಹೊಲಿದುಕೊಟ್ಟಳು. ಬಾಣಂತಿ ಕೂಸನ್ನು ಅವಳ ಕೈಗೆ ಕೊಡಲಿಲ್ಲ. ಆದರೆ ಚಿಲಕವನ್ನೂ ಹಾಕಿಕೊಳ್ಳಲಿಲ್ಲ.

ಹನ್ನೆರಡನೆಯ ಮಂಗಳವಾರ ಜೊತೆ ಕೂರುವವಳು, ಇನ್ನು ತಾನು ಬರಬೇಕಾಗಿಲ್ಲ ಎಂದಳು. ಹಾಸಿಗೆಯವಳು ಕಾಫಿ ಕೊಟ್ಟಳು. ತಂಗಿಗೆ ಇದನ್ನು ಹೇಳಬೇಕೇ ಎಂದು ಕೇಳಿದಳು. ಅದು ನಿಮಗೆ ಬಿಟ್ಟದ್ದು, ಅವಳು ಏನನ್ನುತ್ತಾಳೋ ನನಗೆ ಗೊತ್ತಿಲ್ಲ, ಕ್ಷಮಿಸದೆಯೂ ಇರಬಹುದು ಎಂದು ಜೊತೆ ಕೂರುವವಳು ಕಾಫಿ ಕುಡಿದು ಹೋದಳು.

ತಂಗಿ ಎರಡು ಬೀದಿ ಆಚೆ ಇದ್ದಳು, ಹಪ್ಪಳ ಸಂಡಿಗೆ ಮಾಡಿ ಮಾರುತ್ತಿದ್ದಳು. ಅಕ್ಕ ವರ್ಷಕ್ಕೊಂದು ಹಾಸಿಗೆ ಹೊಲಿದು ಅವಳ ಜಗಲಿಯ ಮೇಲಿಟ್ಟು, ಕೂಗಿ ಹೇಳಿ, ಒಳಗೆ ಹೋಗದೆ ವಾಪಸು ಬರುತ್ತಿದ್ದಳು. ಈ ಸಲ ಬರಿಗೈಯಲ್ಲಿ ಹೋದಳು. ತಂಗಿ ಜಗಲಿಯ ಮೇಲೆ ಅವರೆಕಾಯಿ ಸುರುವಿಕೊಂಡು ಬಿಡಿಸುತ್ತಿದ್ದಳು. ಅಕ್ಕ ನಿಂತೇ ಇದ್ದದ್ದನ್ನು ನೋಡಿ ಕೂತುಕೋ ಎಂದಳು. ಅಕ್ಕ ಕೂತಳು.

ಅವಳು ಶುಕ್ರವಾರದ್ದನ್ನು ಹೇಳಿದಳು. ಮೊದಲಿನಿಂದ ಕೊನೆಯವರೆಗೆ, ಒಂದನ್ನೂ ಬಿಡದೆ. ಹಲವು ಸಲ ಹೇಳಿ ಅಭ್ಯಾಸವಾಗಿದ್ದರಿಂದ ಎಲ್ಲೂ ತಡವರಿಸಲಿಲ್ಲ. ತಂಗಿ ತಲೆಯೆತ್ತಲಿಲ್ಲ. ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ ಬೀಳುತ್ತಿತ್ತು. ಹೇಳಿ ಮುಗಿದ ಮೇಲೂ ತಂಗಿ ನಾಲ್ಕು ಕಾಯಿ ಬಿಡಿಸಿದಳು.

"ನೀನು ನೀರಿಗೆ ಹೋಗ್ತಿದ್ದೆಯಲ್ಲ ಅಕ್ಕ, ದೊಡ್ಡ ಬಾವಿಗೆ" ಎಂದಳು.

"ಹೂಂ."

"ಆಗ ಅವನು ನನ್ನೊಬ್ಬಳನ್ನೇ ಕೇಳ್ತಿದ್ದ. ಯಾರು ಅಂತ. ನೀನು ಕೊಡ ಇಳಿಸೋ ಹೊತ್ತಿಗೆ ನಾನು ನಿನ್ನ ಹೆಸರು ಹೇಳಿಬಿಟ್ಟಿರ್ತಿದ್ದೆ."

ಅಕ್ಕನಿಗೆ ಆ ಸಂಜೆಗಳು ನೆನಪಿದ್ದವು. ಕೊಡ ಇಳಿಸುವ ಮೊದಲೇ ಬೆತ್ತ ಬೀಳುತ್ತಿತ್ತು. ಕೇಳದೆಯೇ ಹೊಡೆದನಲ್ಲ, ಇಂಥ ನ್ಯಾಯವಂತ ಯಾಕೆ ಹೀಗೆ ಮಾಡಿದ ಎಂದು ಅವಳು ಆಗ ಅಂದುಕೊಳ್ಳುತ್ತಿದ್ದಳು.

"ನೀನು ಒಂದು ಸಲ" ಎಂದಳು ತಂಗಿ. "ನಾನು ಮೂರು ಸಲ."

ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ತಂಗಿಯ ಕೈ ಕಾಯಿಯ ಮೇಲೆ ಹಾಗೇ ನಿಂತಿತ್ತು. ಅಕ್ಕನಿಗೆ ಸಿಟ್ಟು ಬರಲಿಲ್ಲ. ಬರಬಹುದೇನೋ ಎಂದು ಸ್ವಲ್ಪ ಹೊತ್ತು ಕಾದಳು. ಬಂದದ್ದು ಬೇರೆಯೇ. ಆರು ವರ್ಷದ ಒಂದು ಮಗು, ಕೊಡದ ಸದ್ದು ಕೇಳಿ ಬಾಗಿಲ ಹಿಂದೆ ಸರಿಯುವುದು ಅವಳಿಗೆ ಕಂಡಿತು.

"ನಾವು ಹೇಳಿದ್ದಲ್ಲ" ಎಂದಳು. "ಅವನು ಹೇಳಿಸಿದ್ದು."

ತಂಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. ತನ್ನ ಮನೆಯ ಗೋಡೆಯಲ್ಲೂ ಮೂಡಿರುವ ಆ ಬಾಗಿಲನ್ನು ತಾನು ತೆಗೆಯುವವಳಲ್ಲ, ಅಕ್ಕ ಅದನ್ನು ಹೇಳಲು ಬಂದಿದ್ದರೆ ಈಗಲೇ ಹೋಗಬಹುದು ಎಂದಳು. ಅದನ್ನು ಹೇಳಲು ಬಂದದ್ದಲ್ಲ ಎಂದಳು ಅಕ್ಕ. ಆಮೇಲೆ ತಂಗಿ, ಸುಮ್ಮನೆ ಕೂರುವ ಬದಲು ಕೈಯಾದರೂ ಹಾಕು, ಇದಿಷ್ಟೂ ಸಾಯಂಕಾಲಕ್ಕೆ ಆಗಬೇಕು ಎಂದು ಅರ್ಧ ರಾಶಿಯನ್ನು ಅಕ್ಕನ ಕಡೆಗೆ ತಳ್ಳಿದಳು.

ಅಕ್ಕ ಸೆರಗು ಸಿಕ್ಕಿಸಿಕೊಂಡು ಬಿಡಿಸತೊಡಗಿದಳು. ಕೆಲವು ಕಾಯಿಗಳಲ್ಲಿ ಹುಳುವಿತ್ತು, ಅವನ್ನು ಬೀದಿಗೆ ಎಸೆದರು. ಹೊತ್ತು ಇಳಿಯುತ್ತಿತ್ತು. ಬುಟ್ಟಿಯಲ್ಲಿ ಇನ್ನೂ ಬಹಳ ಕಾಯಿ ಇತ್ತು.